ಏರಿಯ ಹಿಂಬದಿಯ ನೀರು ಯಾವ ಬಣ್ಣದ್ದು?

ಪ್ರಶ್ನೆ: ನಮ್ಮೂರ ಕೆರೆ ಈ ಸಲ ಕೋಡಿಯ ಮಟ್ಟಕ್ಕೆ ತುಂಬಿದೆ. ಏರಿಯ ಹೊರಮೈ ಬುಡದಲ್ಲಿ, ತೂಬಿನ ಕಾಲುವೆಯ ಪಕ್ಕದಲ್ಲೇ, ನೀರು ಜಿನುಗುತ್ತಿದೆ. ಕೆರೆ ಎಂದ ಮೇಲೆ ಜಿನುಗುವುದು ಸಹಜ ಎನ್ನುತ್ತಾರೆ ಹಿರಿಯರು. ಏರಿಯ ತುಂಬ ಬೆಳೆದ ಬಳ್ಳಾರಿ ಜಾಲಿಯೇ ಮಣ್ಣನ್ನು ಹಿಡಿದಿದೆ ಎಂಬ ನಂಬಿಕೆಯೂ ಇದೆ. ನಾವೇ ಪರೀಕ್ಷಿಸಬಹುದೇ? ಯಾರಿಗೆ ತಿಳಿಸಬೇಕು?
— ಓದುಗರು, ಕುಷ್ಟಗಿ ತಾಲ್ಲೂಕು

ಉತ್ತರ: ಹಿರಿಯರ ಮಾತು ಅರ್ಧ ನಿಜ. ಮಣ್ಣಿನ ಏರಿ ಎಷ್ಟೇ ಗಟ್ಟಿಯಿದ್ದರೂ ಒಂದಿಷ್ಟು ನೀರು ಹಾಯುತ್ತದೆ. ಆ ನೀರು ತನ್ನೊಡನೆ ಮಣ್ಣನ್ನೂ ಒಯ್ಯುತ್ತಿದೆಯೇ ಎಂಬುದನ್ನು ನೋಡಬೇಕು. ಬಿಳಿ ಗಾಜಿನ ಬಾಟಲಿಯಲ್ಲಿ ಜಿನುಗುನೀರನ್ನು ಹಿಡಿದು, ಅಲುಗಾಡದಂತೆ ಅರ್ಧ ಗಂಟೆ ಕಲ್ಲಿನ ಮೇಲಿಡಿ. ನೀರು ಮಬ್ಬಾಗಿಯೇ ಉಳಿದರೆ, ಇಲ್ಲವೇ ತಳದಲ್ಲಿ ಮಣ್ಣು ಕೂತರೆ, ಏರಿಯೊಳಗೆ ಕೊರೆತ ಶುರುವಾಗಿದೆ ಎಂದೇ ತಿಳಿಯಿರಿ. ಅದು ಹೊರಮೈಯಿಂದ ಕೆರೆಯತ್ತ ಹಿಮ್ಮುಖವಾಗಿ ಬೆಳೆಯುತ್ತ ಹೋಗಿ ನೀರನ್ನು ಮುಟ್ಟಿತೆಂದರೆ ಏರಿ ಒಡೆಯಲು ಕೆಲವೇ ಗಂಟೆ ಸಾಕು. ತೂಬಿನ ಪಕ್ಕ ಎಂದು ಬರೆದಿದ್ದೀರಲ್ಲ, ನನಗೆ ಆತಂಕವಾದದ್ದು ಅಲ್ಲಿಯೇ. ತೂಬಿನ ಕಟ್ಟಡಕ್ಕೂ ಮಣ್ಣಿಗೂ ನಡುವಿನ ಸಂದಿಯಲ್ಲಿ ದಮ್ಮಸು, ಅಂದರೆ ಮಣ್ಣನ್ನು ಬಡಿದು ಗಟ್ಟಿ ಮಾಡುವ ಕೆಲಸ, ಸರಿಯಾಗಿ ಕೂರುವುದು ಕಷ್ಟ. ನೀರು ದಾರಿ ಹುಡುಕುವುದು ಅಲ್ಲೇ.

ದಿನವೂ ಅದೇ ಜಾಗದಲ್ಲಿ ಒಂದು ಕೊಡ ತುಂಬಲು ಹಿಡಿಯುವ ಹೊತ್ತನ್ನು ಕೆರೆಯ ಮಟ್ಟದೊಂದಿಗೆ ಬರೆದಿಡಿ. ಮಟ್ಟ ಏರದಿದ್ದರೂ ಕೊಡ ಬೇಗ ತುಂಬತೊಡಗಿದರೆ, ನೀರು ತಿಳಿಯಾಗಿದ್ದರೂ ಸುಮ್ಮನಿರಬಾರದು. ಹೊರಗಿನಿಂದ ಜೇಡಿಮಣ್ಣು ಮೆತ್ತಿ ಬಾಯಿ ಮುಚ್ಚುವ ಕೆಲಸವನ್ನಂತೂ ದಯವಿಟ್ಟು ಮಾಡಬೇಡಿ. ಒಳಗೆ ಸಿಕ್ಕ ಒತ್ತಡ ಬೇರೆ ಕಡೆ ಕಿತ್ತುಕೊಳ್ಳುತ್ತದೆ. ಮೊದಲು ಮರಳು, ಅದರ ಮೇಲೆ ಜಲ್ಲಿ ಹಾಸಿ, ನೀರು ಹೊರಬಂದು ಮಣ್ಣು ಒಳಗುಳಿಯುವಂತೆ ಮಾಡುವುದು ತಾತ್ಕಾಲಿಕ ಉಪಾಯ. ಕೆರೆಯ ಮಟ್ಟವನ್ನು ಇಂಜಿನಿಯರರ ಸಮ್ಮುಖದಲ್ಲಿ ನಿಧಾನವಾಗಿ ಇಳಿಸಬೇಕು. ಒಮ್ಮೆಲೇ ಇಳಿಸಿದರೆ ನೆನೆದ ಒಳಮೈ ಕುಸಿಯಬಹುದು.

ಜಾಲಿ ಸತ್ತು ಬೇರು ಕೊಳೆತಾಗ ಏರಿಯೊಳಗೆ ಪೊಳ್ಳು ಉಳಿಯುತ್ತದೆ. ಬದುಕಿರುವಾಗ ಹೆಗ್ಗಣದ ಬಿಲಗಳನ್ನು ಮರೆಮಾಡುತ್ತದೆ. ಆದರೂ ಕೆರೆ ತುಂಬಿರುವಾಗ ಬೇರು ಕೀಳಬೇಡಿ. ಈಗ ಪೊದೆ ಸವರಿ ಓಡಾಡಲು ದಾರಿ ಮಾಡಿಕೊಳ್ಳಿ. ಬೇಸಿಗೆಯಲ್ಲಿ ಬೇರುಸಮೇತ ತೆಗೆಸಿ, ಗುಂಡಿಗಳನ್ನು ಪದರಪದರವಾಗಿ ದಮ್ಮಸು ಮಾಡಿಸಿ. ಎರೆಮಣ್ಣಿನ ಏರಿ ಬಿರಿಯುವುದೂ ಆಗಲೇ. ಕೆರೆಯಿಂದ ಹೊಲದ ಕಡೆಗೆ ಅಡ್ಡ ಸೀಳಿದ ಬಿರುಕು ಉದ್ದದ ಬಿರುಕಿಗಿಂತ ಅಪಾಯಕರ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಕೊಚ್ಚಿಹೋದಾಗ ರಾಜ್ಯವೇ ಅತ್ತ ನೋಡಿತು. ಊರಕೆರೆಗೆ ಆ ಕಾವಲಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅನ್ವಯಿಸುವುದು 15 ಮೀಟರಿಗಿಂತ ಎತ್ತರದವುಗಳಿಗೆ ಮತ್ತು ಕೆಲವು ಷರತ್ತುಗಳಿಗೆ ಒಳಪಟ್ಟು 10ರಿಂದ 15 ಮೀಟರಿನವುಗಳಿಗೆ ಮಾತ್ರ. ಆದ್ದರಿಂದ ನಿಮ್ಮ ಕಣ್ಣೇ ಮೊದಲ ತಪಾಸಣೆ. ಅಚ್ಚುಕಟ್ಟು, ಅಂದರೆ ಕೆರೆಯ ನೀರುಣ್ಣುವ ಜಮೀನು, 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಗೆ, ಕಡಿಮೆಯಿದ್ದರೆ ಪಂಚಾಯಿತಿಗೆ, ಬಾಟಲಿಯ ಫೋಟೊ ಮತ್ತು ಕೊಡದ ಲೆಕ್ಕದ ಸಮೇತ ಲಿಖಿತವಾಗಿ ಕೊಡಿ. ನೀರು ಕೆಂಪಾಗಿಯೋ ಕಪ್ಪಾಗಿಯೋ ಬಂದರೆ ಅರ್ಜಿಗೆ ಕಾಯದೆ ತಹಶೀಲ್ದಾರರಿಗೆ ಫೋನ್ ಮಾಡಿ, ಕೆಳಗಿನ ಮನೆಗಳವರನ್ನು ಎಬ್ಬಿಸಿ.

ಪ್ರಶ್ನೆ: ಇನ್ನೊಂದಡಿ ನೀರು ನಿಲ್ಲಲೆಂದು ಕೋಡಿಯ ಮೇಲೆ ಮರಳುಚೀಲ ಇಟ್ಟಿದ್ದಾರೆ. ತಪ್ಪೇ?
— ಓದುಗರು, ಲಿಂಗಸುಗೂರು

ಉತ್ತರ: ತಪ್ಪು, ಇಂದೇ ತೆಗೆಸಿ. ಕೋಡಿಯಿಂದ ಏರಿಯ ನೆತ್ತಿಯವರೆಗಿನ ಬಿಡುವು ಪ್ರವಾಹಕ್ಕೆಂದೇ ಬಿಟ್ಟದ್ದು. ನಮ್ಮ ಸೀಮೆಯಲ್ಲಿ 2009ರಂತೆ ದೊಡ್ಡ ಮಳೆ ಸೆಪ್ಟೆಂಬರ್ ಕೊನೆಗೆ, ಕೆರೆ ತುಂಬಿದ ಮೇಲೂ ಬರಬಹುದು. ಆಗ ನೆತ್ತಿಯ ಮೇಲೆ ಹರಿದ ನೀರು ಏರಿಯನ್ನೇ ಕೊರೆದುಕೊಂಡು ಹೋಗುತ್ತದೆ. ಕೋಡಿಗೆ ಕಟ್ಟಿದ ಮೀನಿನ ಬಲೆಯನ್ನೂ ಬಿಚ್ಚಿಸಿ. ಅದಕ್ಕೆ ಕಸ ಸಿಕ್ಕಿದರೆ ಅದೂ ಮರಳುಚೀಲದಷ್ಟೇ ನೀರನ್ನು ತಡೆಯುತ್ತದೆ.