ಕೆಚ್ಚಲಿನ ನೀರಿಗೆ ಲ್ಯಾಸಿಕ್ಸ್: ಕ್ಯಾಲ್ಸಿಯಂ ಲೆಕ್ಕವೂ ಇರಲಿ

ಮೂರನೇ ಸೂಲಿನ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ) ಹಸು ಕರು ಹಾಕಿದ ಮರುದಿನವೂ ಕೆಚ್ಚಲಿನ ಊತ ಇಳಿದಿಲ್ಲ, ಮನೆಯ ಹಿರಿಯರಿಗೆಂದು ತಂದಿಟ್ಟ 40 ಮಿಲಿಗ್ರಾಂ ಲ್ಯಾಸಿಕ್ಸ್ (ಮೂತ್ರ ಹೆಚ್ಚಿಸಿ ಮೈಯ ನೀರು ಇಳಿಸುವ ಔಷಧಿ) ಮಾತ್ರೆಯನ್ನೇ ಅದಕ್ಕೆ ಕೊಡಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಕೊಡಬೇಡಿ.

ಮೊದಲು ಕೆಚ್ಚಲನ್ನು ಹೆಬ್ಬೆರಳಿನಿಂದ ಒತ್ತಿ ಬಿಡಿ. ಗುಳಿ ಹಾಗೆಯೇ ಉಳಿದು ನಿಧಾನವಾಗಿ ತುಂಬಿಕೊಂಡರೆ ಅಲ್ಲಿರುವುದು ನೀರು. ಮುಟ್ಟಿದರೆ ಬಿಸಿಯಾಗಿದ್ದು, ಹಸು ನೋವಿಗೆ ಒದೆಯುತ್ತಿದ್ದು, ಹಾಲು ಒಡೆದಂತೆ ಬರುತ್ತಿದ್ದರೆ ಅದು ಕೆಚ್ಚಲು ಬಾವು. ಅದಕ್ಕೆ ಮೂತ್ರ ಹೆಚ್ಚಿಸುವ ಔಷಧಿ ಮದ್ದಲ್ಲ.

ಲ್ಯಾಸಿಕ್ಸ್‌ನಲ್ಲಿರುವ ಫ್ಯೂರೋಸೆಮೈಡ್, ಸಲ್ಫೋನಮೈಡ್ ಎಂಬ ರಾಸಾಯನಿಕ ಗುಂಪನ್ನು ಹೊಂದಿದ ಒಂದು ಆಮ್ಲ. ರಕ್ತದಲ್ಲಿ ಅದರ ಬಹುಪಾಲು ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಮೂತ್ರಪಿಂಡದಲ್ಲಿ ಸೋಸಿ ಹೋಗುವುದು ಅತ್ಯಲ್ಪ. ಮೂತ್ರಪಿಂಡದ ಸಣ್ಣ ನಾಳಗಳ ಗೋಡೆಯ ಕೋಶಗಳೇ ಅದನ್ನು ಎಳೆದು ಮೂತ್ರಕ್ಕೆ ಬಿಡುತ್ತವೆ. ಹೀಗೆ ಹೆನ್ಲೆಯ ಕುಣಿಕೆ ಎಂಬ ಭಾಗವನ್ನು ತಲುಪಿ, ಒಂದು ಸೋಡಿಯಂ, ಒಂದು ಪೊಟ್ಯಾಸಿಯಂ ಹಾಗೂ ಎರಡು ಕ್ಲೋರೈಡ್ ಅಯಾನುಗಳನ್ನು ಒಟ್ಟಿಗೆ ಒಳಗೆಳೆದುಕೊಳ್ಳುವ ಸಾಗಣೆ ಪ್ರೋಟೀನನ್ನು ಅದು ತಡೆಯುತ್ತದೆ. ಉಪ್ಪು ಮೂತ್ರದಲ್ಲೇ ಉಳಿಯುತ್ತದೆ, ಅದರ ಬೆನ್ನಿಗೆ ನೀರೂ ಹೋಗುತ್ತದೆ. ತೊಡಕಿರುವುದು ಇಲ್ಲೇ: ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ರಕ್ತಕ್ಕೆ ಮರಳುವುದೂ ಇದೇ ಸಾಗಣೆಯಿಂದ ಹುಟ್ಟುವ ವಿದ್ಯುತ್ ಸೆಳೆತದ ಬಲದಿಂದ, ಆ ಸೆಳೆತ ತಗ್ಗಿದಾಗ ಅವೂ ಮೂತ್ರದಲ್ಲಿ ಪೋಲಾಗುತ್ತವೆ. ಗಿಣ್ಣು ಹಾಲಿಗೆ ಆಗಲೇ ಕ್ಯಾಲ್ಸಿಯಂ ಸುರಿಯುತ್ತಿರುವ ಮೂರನೇ ಸೂಲಿನ ಹಸುವಿಗೆ ಇದು ಹಾಲು ಜ್ವರದ, ಅಂದರೆ ರಕ್ತದ ಕ್ಯಾಲ್ಸಿಯಂ ಕುಸಿದು ಹಸು ನೆಲ ಹಿಡಿಯುವ ಕಾಯಿಲೆಯ, ದಾರಿ. ಮೂತ್ರ ಹೆಚ್ಚಿಸುವ ಇನ್ನೊಂದು ಬಗೆಯಾದ ಥಯಾಜೈಡ್ ಗುಂಪಿನ ಔಷಧಿಗಳು ಕ್ಯಾಲ್ಸಿಯಂ ಉಳಿಸುತ್ತವೆ, ಆದರೆ ನೀರು ಇಳಿಸುವುದರಲ್ಲಿ ಇದರ ಸಮಕ್ಕೆ ಬರುವುದಿಲ್ಲ.

ಪ್ರಮಾಣದ ಮಾತಿಗೆ ಬಂದರೆ, ಅಮೆರಿಕದಲ್ಲಿ ಇದೇ ಊತಕ್ಕೆ ಅನುಮತಿ ಪಡೆದ ಇಂಜೆಕ್ಷನ್ನಿನ ಪ್ರಮಾಣ ದಿನಕ್ಕೆ 500 ಮಿಲಿಗ್ರಾಂ. ಕರು ಹಾಕಿದ 48 ಗಂಟೆಗಳ ನಂತರ ಚಿಕಿತ್ಸೆ ಮುಂದುವರಿಸುವಂತಿಲ್ಲ, ಕೊನೆಯ ಇಂಜೆಕ್ಷನ್ ಆದ 48 ಗಂಟೆಗಳವರೆಗೆ ಹಾಲನ್ನು ಬಳಸುವಂತಿಲ್ಲ. ಒಂದೆರಡು ಮಾತ್ರೆಯಿಂದ ಏನೂ ಆಗದು. ಹತ್ತಾರು ಮಾತ್ರೆ ಅರೆದು ಹಾಕುವುದು ಔಷಧೋಪಚಾರವೇ ಅಲ್ಲ. ಹಸುವಿಗೆ ಕೊಡಬೇಕೇ, ಎಷ್ಟು ಕೊಡಬೇಕು ಎಂಬುದನ್ನು ಪಶುವೈದ್ಯರೇ ತೀರ್ಮಾನಿಸಲಿ. ಇಂಜೆಕ್ಷನ್ ದ್ರಾವಣ ಕ್ಷಾರೀಯವಾಗಿರುವುದರಿಂದ ಆಮ್ಲೀಯವಾದ ಡೆಕ್ಸ್‌ಟ್ರೋಸ್ ಬಾಟಲಿಗೆ ಬೆರೆಸಿದರೆ ಔಷಧಿ ಗಸಿಯಾಗಿ ಕೂರಬಹುದು. ಬೆಳಕು ತಗುಲಿ ಹಳದಿ ಬಣ್ಣಕ್ಕೆ ತಿರುಗಿದ ಆಂಪೂಲನ್ನು ಬಳಸಬಾರದು.

ವೈದ್ಯರು ಬರುವವರೆಗೆ ದಿನಕ್ಕೆ ಮೂರು ನಾಲ್ಕು ಬಾರಿ ಹಾಲು ಕರೆಯಿರಿ, ಕೆಚ್ಚಲನ್ನು ಕೆಳಗಿನಿಂದ ಮೇಲಕ್ಕೆ ಮೃದುವಾಗಿ ನೀವಿ, ಹಸುವನ್ನು ಸ್ವಲ್ಪ ನಡೆದಾಡಿಸಿ. ಇಂಜೆಕ್ಷನ್ ಕೊಟ್ಟ ಮೇಲೆ ಕಿವಿ ತಣ್ಣಗಾಗಿ, ಹಿಂಗಾಲು ತಡವರಿಸಿ, ಹಸು ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿದರೆ ಅದು ಹಾಲು ಜ್ವರವಿರಬಹುದು, ಕೂಡಲೇ ವೈದ್ಯರಿಗೆ ಕರೆ ಮಾಡಿ. ಕ್ಯಾಲ್ಸಿಯಂ ಬಾಟಲಿಯನ್ನು ಮಾತ್ರ ನೀವೇ ರಕ್ತನಾಳಕ್ಕೆ ಏರಿಸಲು ಹೋಗಬೇಡಿ, ವೇಗ ಹೆಚ್ಚಾದರೆ ಹೃದಯವೇ ನಿಲ್ಲಬಹುದು.