ಗ್ರಾಹಕರಿಗೆಲ್ಲ ಒಂದೇ ನಂಬರು: 2147483647

ಪ್ರಶ್ನೆ: ನಾನು ಡೊಂಬಿವಲಿಯವಳು, ಮುಂಬಯಿಯ ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಹಳೆಯ ಪಟ್ಟಿಯನ್ನು ಹೊಸ ಸಾಫ್ಟ್‌ವೇರಿಗೆ ಏರಿಸಿದ ಮೇಲೆ ಗ್ರಾಹಕರ ಮೊಬೈಲ್ ನಂಬರೆಲ್ಲ 2147483647 ಆಗಿಬಿಟ್ಟಿವೆ. ಪುಣೆಯ ಕೆಲವು ಲ್ಯಾಂಡ್‌ಲೈನ್ ಮಾತ್ರ ಸರಿಯಾಗಿವೆ. ಈ 2147483647 ಅವಿಭಾಜ್ಯ ಸಂಖ್ಯೆಯಂತೆ, ಅದಕ್ಕೇ ಹೀಗಾಯಿತೇ? ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಅದನ್ನು ಹೇಗೆ ಸಾಧಿಸಿದರು ಎಂದು ಹತ್ತನೇ ತರಗತಿಯ ಮಗಳು ಕೇಳುತ್ತಿದ್ದಾಳೆ.

ಉತ್ತರ: ನಂಬರು ಹಾಳಾದದ್ದಕ್ಕೂ ಅವಿಭಾಜ್ಯತೆಗೂ ಸಂಬಂಧವಿಲ್ಲ. ಫೋನ್ ನಂಬರಿನ ಕಾಲಂ ಅನ್ನು 32 ಬಿಟ್‌ನ (ಬಿಟ್ ಎಂದರೆ 0 ಅಥವಾ 1 ಹಿಡಿಯುವ ಒಂದು ಸ್ಥಾನ) ಪೂರ್ಣಾಂಕವಾಗಿ ಇಟ್ಟಿರುವಂತಿದೆ. ಒಂದು ಬಿಟ್ ಧನ-ಋಣ ಚಿಹ್ನೆಗೆ ಹೋದರೆ ಉಳಿಯುವುದು 31. ಅಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2ರ 31ನೇ ಘಾತಕ್ಕೆ ಒಂದು ಕಡಿಮೆ, ಅಂದರೆ 2147483647. ಅದಕ್ಕಿಂತ ದೊಡ್ಡದು ಬಂದರೆ ಕೆಲವು ಡೇಟಾಬೇಸ್‌ಗಳು ತಕರಾರು ಮಾಡದೆ ಈ ಗರಿಷ್ಠವನ್ನೇ ಬರೆದುಕೊಳ್ಳುತ್ತವೆ. ನಮ್ಮ ಹತ್ತಂಕಿಯ ಮೊಬೈಲ್ ನಂಬರುಗಳ ಮೊದಲ ಅಂಕಿ 6ರಿಂದ 9ರೊಳಗೆ, ಹಾಗಾಗಿ ಎಲ್ಲವೂ ಮಿತಿ ದಾಟುತ್ತವೆ. ಎಸ್‌ಟಿಡಿ ಕೋಡಿನ ಸೊನ್ನೆ ಬಿಟ್ಟು ಬರೆದರೆ 22ರಿಂದ ಶುರುವಾಗುವ ಮುಂಬಯಿಯ, 832ರಿಂದ ಶುರುವಾಗುವ ಗೋವಾದ ಲ್ಯಾಂಡ್‌ಲೈನ್‌ಗಳು ಕೂಡ ದಾಟುತ್ತವೆ. ಪುಣೆಯದು 20ರಿಂದ ಶುರು, ಆದ್ದರಿಂದ ಉಳಿದುಕೊಂಡಿತು. ಹೋದ ನಂಬರು ಹೊಸ ಪಟ್ಟಿಯಿಂದ ಮರಳಿ ಸಿಗುವುದಿಲ್ಲ. ದಯವಿಟ್ಟು ಹಳೆಯ ಫೈಲನ್ನು ಅಳಿಸಬೇಡಿ. ಕಾಲಂ ಅನ್ನು ಟೆಕ್ಸ್ಟ್ ಮಾಡಿಸಿ ಮತ್ತೆ ಏರಿಸಿ.

ಇಂಥ ಮಿತಿಗಳೆಲ್ಲ ಅವಿಭಾಜ್ಯವೇನೂ ಅಲ್ಲ. 16 ಬಿಟ್‌ನ 32767 ಎಂದರೆ 7 × 31 × 151.

ನಿಮ್ಮ ಮಗಳ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. 1772ರಲ್ಲಿ ಗಣಿತಜ್ಞ ಆಯ್ಲರ್ ಇದನ್ನು ಸಾಧಿಸಿದಾಗ ಅವರಿಗೆ ಕಣ್ಣು ಬಹುತೇಕ ಕಾಣುತ್ತಿರಲಿಲ್ಲ. ಈ ಸಂಖ್ಯೆಯ ವರ್ಗಮೂಲ 46340ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗಿನ ಪ್ರತಿಯೊಂದು ಅವಿಭಾಜ್ಯದಿಂದ ಭಾಗಿಸಿ ನೋಡಬೇಕೆಂದರೆ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಭಾಗಾಕಾರ. ಆಯ್ಲರ್ ಭಾಗಿಸುವ ಮೊದಲೇ ಹೆಚ್ಚಿನವನ್ನು ತಳ್ಳಿಹಾಕಿದರು. 31 ಅವಿಭಾಜ್ಯವಾದ್ದರಿಂದ, ಫರ್ಮಾ ಪ್ರಮೇಯದ ಪ್ರಕಾರ ಇದರ ಯಾವುದೇ ಅವಿಭಾಜ್ಯ ಭಾಜಕವನ್ನು 62ರಿಂದ ಭಾಗಿಸಿದರೆ 1 ಉಳಿಯಲೇಬೇಕು. ಜೊತೆಗೆ 8ರಿಂದ ಭಾಗಿಸಿದರೆ 1 ಅಥವಾ 7 ಉಳಿಯಬೇಕು. ಎರಡೂ ಸೇರಿದರೆ 46340ರೊಳಗೆ 400 ಸಂಖ್ಯೆಗಳೂ ಉಳಿಯುವುದಿಲ್ಲ, ಅವುಗಳಲ್ಲೂ ಅವಿಭಾಜ್ಯವಾದವು 84 ಮಾತ್ರ. ಮೊದಲನೆಯದು 311: ಭಾಗಿಸಿದರೆ ಶೇಷ 35. ಮುಂದಿನದು ನೇರವಾಗಿ 1303. ಹೀಗೆ ಕೊನೆಯವರೆಗೂ ಯಾವುದೂ ನಿಶ್ಶೇಷವಾಗಿ ಭಾಗಿಸುವುದಿಲ್ಲ.

ಘಾತಾಂಕ ಅವಿಭಾಜ್ಯವಾಗಿದ್ದ ಮಾತ್ರಕ್ಕೆ ಸಾಲದು ಎನ್ನುವುದನ್ನೂ ಮಗಳಿಗೆ ಹೇಳಿ: 2ರ 11ನೇ ಘಾತಕ್ಕೆ ಒಂದು ಕಡಿಮೆ ಮಾಡಿದರೆ 2047, ಅದು 23 × 89. ಎರಡನ್ನೂ 22ರಿಂದ ಭಾಗಿಸಿದರೆ 1 ಉಳಿಯುತ್ತದೆ, ನಿಯಮ ಹೇಳುವ ಹಾಗೆಯೇ. 2024ರಲ್ಲಿ ಸಿಕ್ಕ 4,10,24,320 ಅಂಕಿಗಳ ದಾಖಲೆಯ ಅವಿಭಾಜ್ಯವೂ ಇದೇ ಜಾತಿಯದು, 2ರ ಒಂದು ಘಾತಕ್ಕೆ ಒಂದು ಕಡಿಮೆ. ಅಂಥದ್ದನ್ನು ಹುಡುಕುವ ಕಂಪ್ಯೂಟರುಗಳು ದೊಡ್ಡ ಪರೀಕ್ಷೆಗೆ ಮುಂಚೆ ಇದೇ ಎರಡು ನಿಯಮಗಳಿಂದ ಭಾಜಕಗಳನ್ನು ಸೋಸುತ್ತವೆ.

ಅವಳೇ ಮಾಡಿ ನೋಡಲು 8191 ಕೊಡಿ, 2ರ 13ನೇ ಘಾತಕ್ಕೆ ಒಂದು ಕಡಿಮೆ. ವರ್ಗಮೂಲ 90ರ ಆಸುಪಾಸು. 26ರಿಂದ ಭಾಗಿಸಿದಾಗ 1 ಉಳಿಯುವವು 27, 53, 79. 27 ಅವಿಭಾಜ್ಯವಲ್ಲ, 53 ಎಂಟರ ನಿಯಮಕ್ಕೆ ಕೂಡುವುದಿಲ್ಲ. 79ರಿಂದ ಒಂದೇ ಒಂದು ಭಾಗಾಕಾರ ಮಾಡಿದರೆ ಶೇಷ 54. 8191 ಅವಿಭಾಜ್ಯ.