ಏಳನೆಯ ಸಿಲಿಂಡರಿನ ಪ್ಲಗ್ ಮಾತ್ರ ಮತ್ತೆ ಮತ್ತೆ ಕೆಡುವುದೇಕೆ?

ಪ್ರಶ್ನೆ: ಮಾನ್ಯರೇ, ಮೂಲತಃ ಶಿವಮೊಗ್ಗದವನಾದ ನಾನು ಈಗ ಅಮೆರಿಕದ ಹ್ಯೂಸ್ಟನ್ ನಗರದ ಹೊರವಲಯದಲ್ಲಿದ್ದೇನೆ. ಮನೆಯ ಹಿಂದಿನ ತೋಟಕ್ಕೆ ಮಣ್ಣು, ಗೊಬ್ಬರ ತರಲೆಂದು 1991ರ ಶೆವರ್ಲೆ ಸಿ1500 ಪಿಕಪ್ ಒಂದನ್ನು ಕೊಂಡಿದ್ದೇನೆ. ಅದರದು 5.7 ಲೀಟರಿನ ವಿ8 ಪೆಟ್ರೋಲ್ ಇಂಜಿನ್. ಮಳೆ ಬಿದ್ದ ಬೆಳಗಿನಲ್ಲಿ ಮತ್ತು ಭಾರ ಹೇರಿಕೊಂಡು ಮೇಲ್ಸೇತುವೆ ಏರುವಾಗ ಇಂಜಿನ್ ಮಿಸ್ ಹೊಡೆಯುತ್ತದೆ, ಅಂದರೆ ನಡುನಡುವೆ ಉರಿ ತಪ್ಪುತ್ತದೆ. ಆರು ತಿಂಗಳಲ್ಲಿ ಎರಡು ಸಲ, ಪೆಟ್ರೋಲಿಗೆ ಕಿಡಿ ಹೊತ್ತಿಸುವ ಎಂಟೂ ಸ್ಪಾರ್ಕ್ ಪ್ಲಗ್‌ಗಳನ್ನು ಬದಲಿಸಿದೆ. ಕೆಲವು ವಾರ ಸರಿಯಾಗಿದ್ದು ಮತ್ತೆ ಅದೇ ತೊಂದರೆ ಶುರುವಾಗುತ್ತದೆ. ಬಿಚ್ಚಿ ನೋಡಿದಾಗಲೆಲ್ಲ ಚಾಲಕನ ಬದಿಯ ಕಟ್ಟಕಡೆಯ ಪ್ಲಗ್ ಮಾತ್ರ ಕಪ್ಪಾಗಿ ಒದ್ದೆಯಾಗಿರುತ್ತದೆ. ಸ್ಕ್ಯಾನರ್‌ನಿಂದ ಏನೂ ತಿಳಿಯಲಿಲ್ಲ. ಒಬ್ಬ ಮೆಕ್ಯಾನಿಕ್ ಇಂಜಿನ್ನನ್ನೇ ಬಿಚ್ಚಬೇಕೆನ್ನುತ್ತಾರೆ. ಈ ಬಾರಿ ದುಬಾರಿ ಇರಿಡಿಯಂ ಪ್ಲಗ್ ಹಾಕಿ ನೋಡಲೇ?

ಉತ್ತರ: ದಯವಿಟ್ಟು ಈಗಲೇ ಇರಿಡಿಯಂ ಪ್ಲಗ್ ಕೊಳ್ಳಬೇಡಿ, ಇಂಜಿನ್ ಬಿಚ್ಚಲೂ ಒಪ್ಪಬೇಡಿ. ಎಂಟು ಪ್ಲಗ್‌ಗಳಲ್ಲಿ ಏಳು ನೆಟ್ಟಗಿದ್ದು ಒಂದೇ ಒಂದು ಎರಡೆರಡು ಬಾರಿ ಕೆಟ್ಟಿದೆ ಎಂದ ಮೇಲೆ, ಆ ಪ್ಲಗ್ಗನ್ನು ಕೆಡಿಸುತ್ತಿರುವ ಕಾರಣ ಆ ಸಿಲಿಂಡರಿನ ಆಸುಪಾಸಿನಲ್ಲೇ ಉಳಿದುಕೊಂಡಿದೆ ಎಂದರ್ಥ. ಅದನ್ನು ಬಿಟ್ಟು ಪ್ಲಗ್ ಬದಲಿಸುತ್ತಾ ಹೋಗುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗುತ್ತದೆ.

ಸ್ಕ್ಯಾನರ್‌ನಿಂದ ಏನೂ ತಿಳಿಯದಿದ್ದುದು ಸಹಜವೇ. ಯಾವ ಸಿಲಿಂಡರ್ ಮಿಸ್ ಆಗುತ್ತಿದೆಯೆಂದು ಸಂಖ್ಯೆ ಸಮೇತ ಹೇಳುವ ವ್ಯವಸ್ಥೆ ಅಮೆರಿಕದ ಕಾರು, ಪಿಕಪ್‌ಗಳಿಗೆ ಕಡ್ಡಾಯವಾದದ್ದು 1996ರ ಮಾದರಿಗಳಿಂದ. ನಿಮ್ಮ ಗಾಡಿ ಅದಕ್ಕಿಂತ ಹಳೆಯದು. ಆದ್ದರಿಂದ ಕಣ್ಣು, ಮೂಗು, ಬೆರಳುಗಳನ್ನೇ ನೆಚ್ಚಿಕೊಳ್ಳಬೇಕು. ಈ ಇಂಜಿನ್ನಿನಲ್ಲಿ ಚಾಲಕನ ಬದಿಯ ಸಿಲಿಂಡರ್‌ಗಳು ಮುಂದಿನಿಂದ ಹಿಂದಕ್ಕೆ 1, 3, 5, 7. ಎದುರು ಬದಿಯವು 2, 4, 6, 8. ಹಾಗಾಗಿ ನೀವು ಹೇಳುತ್ತಿರುವುದು ಏಳನೆಯ ಸಿಲಿಂಡರಿನ ಪ್ಲಗ್.

ಮೊದಲು ಆ ಒದ್ದೆ ಯಾವುದರದೆಂದು ತಿಳಿದುಕೊಳ್ಳಿ. ಇಂಜಿನ್ ತಣ್ಣಗಾದ ಮೇಲೆ ಪ್ಲಗ್ ಬಿಚ್ಚಿ, ಅದರ ತುದಿಯನ್ನು ಬಿಳಿ ಕಾಗದದ ಮೇಲೆ ಒತ್ತಿ. ಪೆಟ್ರೋಲಾದರೆ ವಾಸನೆ ಮೂಗಿಗೆ ಹೊಡೆಯುತ್ತದೆ ಮತ್ತು ಕಾಗದದ ಮೇಲಿನ ಒದ್ದೆ ನೋಡನೋಡುತ್ತಲೇ ಆರಿಹೋಗುತ್ತದೆ. ಎಣ್ಣೆಯಾದರೆ ಜಿಡ್ಡಿನ ಕಲೆ ಹಾಗೇ ಉಳಿಯುತ್ತದೆ, ಬೆರಳಲ್ಲಿ ಉಜ್ಜಿದಾಗ ಜಾರುತ್ತದೆ. ಪೆಟ್ರೋಲ್ ಉಳಿದಿದೆಯೆಂದರೆ ಆ ಸಿಲಿಂಡರಿನಲ್ಲಿ ಕಿಡಿ ಹತ್ತುತ್ತಿಲ್ಲ, ಅಥವಾ ಕಂಪ್ರೆಷನ್ (ಪಿಸ್ಟನ್ ಮೇಲೇರಿ ಒತ್ತಿದಾಗ ಉಂಟಾಗುವ ಒತ್ತಡ) ಇಲ್ಲದೆ ಉರಿ ನಿಲ್ಲುತ್ತಿಲ್ಲ. ಎಣ್ಣೆಯಿದ್ದರೆ ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗ್ ಸವೆದಿರಬಹುದು. ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸೈಲೆನ್ಸರಿನಿಂದ ನೀಲಿ ಹೊಗೆಯ ಒಂದು ಉಂಡೆ ಹೊರಬಂದು ಆಮೇಲೆ ನಿಂತುಹೋಗುವುದಾದರೆ ವಾಲ್ವ್ ಸೀಲಿನ ಮೇಲೇ ಅನುಮಾನ ಹೆಚ್ಚು. ಎಂಟೂ ಪ್ಲಗ್‌ಗಳು ಒಣಮಸಿ ಹಿಡಿದಿದ್ದರೆ ಪೆಟ್ರೋಲ್ ಮಿಶ್ರಣವನ್ನು ಪರೀಕ್ಷಿಸಬೇಕಿತ್ತು. ನಿಮ್ಮ ವಿಷಯದಲ್ಲಿ ಆ ಮಾತು ಬರುವುದಿಲ್ಲ.

ನೀವು ಬರೆದಿರುವ ಲಕ್ಷಣಗಳಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಮಳೆ ಮತ್ತು ಭಾರ. ಭಾರ ಹೆಚ್ಚಿದಂತೆ ಸಿಲಿಂಡರಿನೊಳಗಿನ ಒತ್ತಡ ಏರಿ, ಪ್ಲಗ್ಗಿನ ಸಂದಿಯನ್ನು ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕಾಗುತ್ತದೆ. ಹೊರಗೆ ಅದಕ್ಕಿಂತ ಸುಲಭದ ದಾರಿಯೊಂದು ಸಿಕ್ಕರೆ ವಿದ್ಯುತ್ತು ಅತ್ತಲೇ ಹರಿಯುತ್ತದೆ, ತೇವ ಆ ದಾರಿಯನ್ನು ಇನ್ನಷ್ಟು ಸುಲಭ ಮಾಡುತ್ತದೆ. ಈ ಕಾರಣಕ್ಕೆ ಪ್ಲಗ್ಗಿನ ತುದಿಯನ್ನಷ್ಟೇ ನೋಡಿ ಬಿಡದೆ, ಅದರ ಹೊರಗಿನ ಬಿಳಿ ಪಿಂಗಾಣಿಯನ್ನು ಬಟ್ಟೆಯಿಂದ ಒರೆಸಿ ಒಳ್ಳೆಯ ಬೆಳಕಿನಲ್ಲಿ ತಿರುಗಿಸಿ ನೋಡಿ. ವೈರ್ ಕೂರುವ ತಲೆಯಿಂದ ಕೆಳಗಿನ ಲೋಹದವರೆಗೆ, ಪೆನ್ಸಿಲಿನಿಂದ ಎಳೆದಂತೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ ಕಂಡರೆ ಕಿಡಿ ಹೊರಗಿನಿಂದ ಹರಿದಿದೆ ಎಂದು ಖಚಿತವಾಗುತ್ತದೆ. ಆಗ ವೈರಿನ ತುದಿಯ ರಬ್ಬರ್ ಕ್ಯಾಪಿನ ಒಳಗೋಡೆಯಲ್ಲೂ ಟಾರ್ಚ್ ಹಾಕಿ ನೋಡಿ. ಅದೇ ಗೆರೆಯ ಜೋಡಿ ಅಲ್ಲಿಯೂ ಇರುತ್ತದೆ. ಹೊಸ ಪ್ಲಗ್ಗಿಗೆ ಆ ಹಳೆಯ ರಬ್ಬರನ್ನೇ ತೊಡಿಸಿದರೆ, ಇಂಗಾಲ ಕಟ್ಟಿದ ಆ ದಾರಿಯಲ್ಲೇ ಕಿಡಿ ಹರಿದು ಹೊಸ ಪಿಂಗಾಣಿಯ ಮೇಲೂ ಗೆರೆ ಬೀಳುತ್ತದೆ. ನಿಮ್ಮ ಎರಡು ಸೆಟ್ ಪ್ಲಗ್‌ಗಳಿಗೆ ಆಗಿರುವುದು ಇದೇ ಎಂಬುದು ನನ್ನ ಬಲವಾದ ಅನುಮಾನ, ಏಕೆಂದರೆ ವೈರ್‌ಗಳನ್ನು ಬದಲಿಸಿದ ಬಗ್ಗೆ ನೀವು ಒಂದು ಮಾತನ್ನೂ ಬರೆದಿಲ್ಲ.

ಪಿಂಗಾಣಿಯ ಬುಡದಲ್ಲಿ, ಲೋಹದ ಅಂಚಿಗೆ ಹತ್ತಿಕೊಂಡು, ಸುತ್ತಲೂ ಕಂದುಬಣ್ಣದ ಉಂಗುರವೊಂದು ಕಂಡರೆ ಹೆದರಬೇಡಿ. ಹೆಚ್ಚು ವೋಲ್ಟೇಜಿನ ಸೆಳೆತಕ್ಕೆ ಗಾಳಿಯಲ್ಲಿನ ಎಣ್ಣೆಯ ಕಣಗಳು ಬಂದು ಅಂಟಿ ಆಗುವ ಕಲೆ ಅದು, ಅದರಿಂದ ತೊಂದರೆಯಿಲ್ಲ. ಸಿಲಿಂಡರ್ ಸಂಖ್ಯೆ ಮರೆಯಬಾರದೆಂದು ಕೆಲವರು ಪಿಂಗಾಣಿಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಾರೆ. ಹಾಗೆ ಮಾಡಲೇಬೇಡಿ, ಪೆನ್ಸಿಲ್ ಕಡ್ಡಿಯ ಗ್ರಾಫೈಟ್ ವಿದ್ಯುತ್ ಹರಿಸುತ್ತದೆ.

ಪಿಂಗಾಣಿ ಶುಭ್ರವಾಗಿದ್ದರೆ, ಏಳನೆಯ ಪ್ಲಗ್ಗನ್ನು ಎರಡನೆಯದರ ಜೊತೆ ಅದಲುಬದಲು ಮಾಡಿ ಓಡಿಸಿ. ತೊಂದರೆ ಪ್ಲಗ್ಗಿನ ಜೊತೆ ಎರಡಕ್ಕೆ ಹೋದರೆ ಪ್ಲಗ್ಗೇ ಕೆಟ್ಟಿದೆ. ಏಳರಲ್ಲೇ ಉಳಿದರೆ ವೈರನ್ನು ಮಲ್ಟಿಮೀಟರಿನಲ್ಲಿ ಅಳೆದು, ಹೆಚ್ಚುಕಡಿಮೆ ಅಷ್ಟೇ ಉದ್ದದ ಇನ್ನೊಂದು ವೈರಿನ ಓಮ್ಸ್ ಜೊತೆ ಹೋಲಿಸಿ. ಅಂತರ ತೀರಾ ಹೆಚ್ಚಿದ್ದರೆ ಅಥವಾ ಮೀಟರ್ ಏನನ್ನೂ ತೋರಿಸದಿದ್ದರೆ ವೈರ್ ಒಳಗೆ ತುಂಡಾಗಿದೆ. ಎಂಟೂ ಪ್ಲಗ್ಗಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಬಿಚ್ಚಿ ಒಳಗೆ ಬಿರುಕು, ಕಿಲುಬುಗಟ್ಟಿದ ತುದಿಗಳಿವೆಯೇ ನೋಡಿ. ಇಂಜಿನ್ ಚಾಲೂ ಇರುವಾಗ ವೈರನ್ನು ಕೈಯಲ್ಲಿ ಕೀಳುವ ಹಳೆಯ ಪದ್ಧತಿ ಬೇಡ. ಸಾವಿರಾರು ವೋಲ್ಟಿನ ಹೊಡೆತ ಬೀಳುತ್ತದೆ, ಜೊತೆಗೆ ಇಗ್ನಿಶನ್ ಮಾಡ್ಯೂಲೂ ಸುಡಬಹುದು. ಅದರ ಬದಲು ಕತ್ತಲಾದ ಮೇಲೆ ಬಾನೆಟ್ ತೆರೆದು, ಇಂಜಿನ್ ಚಾಲೂ ಇಟ್ಟು, ವೈರ್‌ಗಳ ಮೇಲೆ ಸ್ಪ್ರೇ ಬಾಟಲಿಯಿಂದ ನೀರಿನ ತುಂತುರು ಹಾಯಿಸಿ. ಕಿಡಿ ಸೋರುವಲ್ಲಿ ನೀಲಿ ಮಿಂಚು ಕಣ್ಣಿಗೇ ಕಾಣುತ್ತದೆ. ತಿರುಗುವ ಫ್ಯಾನಿನಿಂದ ಕೈ ದೂರವಿರಲಿ.

ಈ ಇಂಜಿನ್ನಿಗೇ ವಿಶೇಷವಾದ ಇನ್ನೊಂದು ಸಂಗತಿಯಿದೆ. ಇದರ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ, 1-8-4-3-6-5-7-2. ಅಕ್ಕಪಕ್ಕದಲ್ಲಿರುವ ಐದು ಮತ್ತು ಏಳು ಒಂದರ ಬೆನ್ನಿಗೆ ಇನ್ನೊಂದು ಉರಿಯುತ್ತವೆ. ಅವುಗಳ ವೈರ್‌ಗಳನ್ನು ಉದ್ದಕ್ಕೂ ಜೊತೆಯಾಗಿ ಕಟ್ಟಿದ್ದರೆ, ಐದರ ವೈರಿನಲ್ಲಿ ಹರಿದ ವಿದ್ಯುತ್ತು ಏಳರ ವೈರಿನಲ್ಲೂ ಕಿಡಿ ಹುಟ್ಟಿಸಬಹುದು. ಆಗ ಏಳನೆಯ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಪೆಟ್ರೋಲ್ ಹತ್ತಿಕೊಂಡು, ಭಾರದಲ್ಲಿ ಇಂಜಿನ್ ಜಗ್ಗುತ್ತದೆ, ಕುಟ್ಟುವ ಸದ್ದು ಬರುತ್ತದೆ. ಹಿಂದಿನ ಮಾಲೀಕರ ಕಾಲದಲ್ಲಿ ಯಾರೋ ವೈರ್‌ಗಳನ್ನೆಲ್ಲ ಒಂದೇ ಕಂತೆ ಮಾಡಿ ಬಿಗಿದಿದ್ದರೆ ಅವನ್ನು ಬಿಡಿಸಿ, ಪ್ಲಾಸ್ಟಿಕ್ ಕ್ಲಿಪ್‌ಗಳಲ್ಲಿ ಐದು ಮತ್ತು ಏಳನ್ನು ದೂರ ಇರಿಸಿ. ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಯಾವ ವೈರೂ ತಾಗಬಾರದು.

ಹೊಸ ವೈರ್ ಸೆಟ್, ಕ್ಯಾಪ್, ಅದರೊಳಗೆ ತಿರುಗುವ ರೋಟರ್ ಮತ್ತು ಕಂಪನಿ ಸೂಚಿಸಿದ ಸಾಧಾರಣ ಪ್ಲಗ್‌ಗಳನ್ನು ಒಟ್ಟಿಗೇ ಹಾಕಿಸಿ. ಸಂದಿ ಅಳೆಯುವ ಫೀಲರ್ ಗೇಜಿನಲ್ಲಿ ಪ್ಲಗ್ಗಿನ ಗ್ಯಾಪ್ 0.035 ಇಂಚು, ಅಂದರೆ ಸುಮಾರು 0.9 ಮಿ.ಮೀ. ಇರಲಿ. ಈ ಪ್ಲಗ್‌ಗಳಿಗೆ ವಾಷರ್ ಇರುವುದಿಲ್ಲ, ಬುಡ ಇಳಿಜಾರಾಗಿರುತ್ತದೆ. ಕೈಯಲ್ಲಿ ಪೂರ್ತಿ ಕೂರಿಸಿದ ಮೇಲೆ ಸ್ಪ್ಯಾನರಿನಿಂದ ಸುತ್ತಿನ ಹದಿನಾರನೇ ಒಂದು ಭಾಗ ಬಿಗಿದರೆ ಸಾಕು.

ಇಷ್ಟಾದರೂ ಏಳನೆಯದು ಒದ್ದೆಯಾದರೆ ಮಾತ್ರ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಇಂಜಿನ್ ಬಿಸಿಯಾಗಿರಬೇಕು, ಎಂಟೂ ಪ್ಲಗ್ ಬಿಚ್ಚಿರಬೇಕು, ಇಗ್ನಿಶನ್ ಮತ್ತು ಇಂಜೆಕ್ಟರ್‌ಗಳ ಸಂಪರ್ಕ ತಪ್ಪಿಸಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು. ಅತಿ ಕಡಿಮೆ ಬಂದ ಸಿಲಿಂಡರ್ ಅತಿ ಹೆಚ್ಚಿನದರ ಶೇ. 70ಕ್ಕಿಂತ ಕೆಳಗಿಳಿಯಬಾರದು, ಒತ್ತಡ ಯಾವುದರಲ್ಲೂ 100 ಪಿಎಸ್‌ಐಗಿಂತ ಕಡಿಮೆಯಿರಬಾರದು. ಏಳನೆಯದು ಅಲ್ಲಿ ಸೋತರೆ ಆ ಮೆಕ್ಯಾನಿಕ್ ಹೇಳಿದ್ದನ್ನು ಆಗ ಪರಿಗಣಿಸಬಹುದು.

ಪ್ರಶ್ನೆ: ಹಾಸನ ಜಿಲ್ಲೆಯಲ್ಲಿ ನಮ್ಮದೊಂದು ಹಳೆಯ ಡೀಸೆಲ್ ಪಿಕಪ್ ಇದೆ. ಚಳಿಗಾಲದ ಬೆಳಗಿನಲ್ಲಿ ಸ್ಟಾರ್ಟ್ ಆಗಲು ಬಹಳ ಹೊತ್ತು ಹಿಡಿಯುತ್ತದೆ, ಬಿಳಿ ಹೊಗೆ ಬರುತ್ತದೆ. ಸ್ಪಾರ್ಕ್ ಪ್ಲಗ್ ಬದಲಿಸಬೇಕೇ?

ಉತ್ತರ: ಡೀಸೆಲ್ ಇಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ, ಒತ್ತಿ ಬಿಸಿಯಾದ ಗಾಳಿಗೇ ಡೀಸೆಲ್ ಹತ್ತಿಕೊಳ್ಳುತ್ತದೆ. ಹಲವು ಇಂಜಿನ್‌ಗಳಲ್ಲಿ ಚಳಿಯಲ್ಲಿ ನೆರವಾಗಲು ಹೀಟರ್ ಪ್ಲಗ್ ಇರುತ್ತದೆ. ನಿಮ್ಮದರಲ್ಲೂ ಇದ್ದರೆ, ಅವುಗಳಿಗೆ ಬರುವ ವೈರ್ ಕಳಚಿ, ಬ್ಯಾಟರಿಯ ಪ್ಲಸ್‌ಗೆ ಜೋಡಿಸಿದ 12 ವೋಲ್ಟಿನ ಟೆಸ್ಟ್ ಲ್ಯಾಂಪಿನ ಇನ್ನೊಂದು ತುದಿಯನ್ನು ಒಂದೊಂದಾಗಿ ಪ್ಲಗ್‌ಗಳ ತಲೆಗೆ ಮುಟ್ಟಿಸಿ. ಬಲ್ಬ್ ಹತ್ತದ ಪ್ಲಗ್ ಒಳಗೆ ಸುಟ್ಟಿದೆ, ಅದನ್ನು ಬದಲಿಸಿ. ಎಲ್ಲದರಲ್ಲೂ ಬಲ್ಬ್ ಹತ್ತಿದರೆ, ಕೀಲಿ ತಿರುಗಿಸಿದಾಗ ಅವುಗಳಿಗೆ ಕರೆಂಟ್ ಬರುತ್ತಿದೆಯೇ ಎಂದು ರಿಲೇ ಮತ್ತು ಫ್ಯೂಸ್ ಪರೀಕ್ಷೆ ಮಾಡಿಸಿ.